ಮೂರು ಲಕ್ಷ ಕಿಲೋಮೀಟರಿನ ಗಾಡಿಗೆ ಅಭ್ಯಂಜನ

2025ರ ಆಯುಧಪೂಜೆಯ ದಿನ ಗೆಳೆಯ ಶೆಟ್ರ ಗಾಡಿಗೆ ಚೆಂಡುಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಗಿತ್ತು. ಗಾಡಿ ಒಂದಿಷ್ಟು ಮುಂದೆ ಸರಿಸಲೆಂದು ಅವರು ಬಾಗಿಲು ತೆಗೆದರು. ಆರತಿ ತಟ್ಟೆ ಹಿಡಿದು ನಿಂತಿದ್ದ ಅವರ ಮನೆಯವರು ತಕ್ಷಣ ಸೆರಗನ್ನು ಮೂಗಿಗೆ ಹಿಡಿದರು. ಒಣಗದೆ ಮೂಲೆಯಲ್ಲಿ ಬಿದ್ದ ಗೋಣಿಚೀಲದ ವಾಸನೆ.

"ಇನ್ನು ಇದನ್ನ ಕೊಡೂದೇ ಮಾರಾಯ್ರೆ, ಹದಿನೈದು ವರ್ಷ ಆಯ್ತಲ್ದಾ. ಮೊನ್ನೆ ದಲ್ಲಾಳಿ ಬಂದು ಗುಜರಿ ಬೆಲೆ ಹೇಳಿ ಹೋದ" ಎಂದರು ಶೆಟ್ರು.

ಬೆಳ್ಳಿ ಬಣ್ಣದ ಸ್ವಿಫ್ಟ್ ಡಿಜೈರ್, ಡೀಸೆಲ್. 2010ರ ನವೆಂಬರಿನಲ್ಲಿ ನೋಂದಣಿ. ಮೀಟರಿನಲ್ಲಿ 2,91,000 ಕಿಲೋಮೀಟರ್. ಶೆಟ್ರು ತಳೋಜಾದ ಕಾರ್ಖಾನೆಯೊಂದರಲ್ಲಿ ಕ್ಯಾಂಟೀನ್ ನಡೆಸುತ್ತಾರೆ. ಬೆಳಗಿನ ನಾಲ್ಕೂವರೆಗೆ ಚೆಂಬೂರಿನಿಂದ ಹೊರಟು ವಾಶಿ ಸೇತುವೆ ದಾಟಿದರೆ ವಾಪಸಾಗುವುದು ಸಂಜೆ. ವರ್ಷಕ್ಕೆರಡು ಸಲ ಊರು: ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅಂಕೋಲಾದಲ್ಲಿ ಕಡಲು ಕಂಡ ಮೇಲೆ ಕುಂದಾಪುರ. ಹೋಗುವುದಕ್ಕೇ ಒಂಬೈನೂರು ಕಿಲೋಮೀಟರಿನ ಹತ್ತಿರ. ಗಾಡಿ ಒಮ್ಮೆಯೂ ದಾರಿಯಲ್ಲಿ ಕೈಕೊಟ್ಟಿಲ್ಲ.

ಆದರೆ ಬೇಸಿಗೆಯಲ್ಲಿ ಅವರ ಅಮ್ಮನನ್ನು ಕಣ್ಣಿನ ಆಪರೇಷನ್‌ಗೆ ಮುಂಬಯಿಗೆ ಕರೆತರುವಾಗ, ನಿಪ್ಪಾಣಿ ದಾಟುವಷ್ಟರಲ್ಲಿ ಅವರಿಗೆ ಕೆಮ್ಮು ಶುರುವಾಯಿತು. ಚೆಂಬೂರು ಮುಟ್ಟುವಾಗ ಉಬ್ಬಸ. ದೀಪಾವಳಿಗೆ ಊರಿಗೆ ವಾಪಸು ಬಿಡಬೇಕು. ಅಮ್ಮನದು ಒಂದೇ ಮಾತು: "ಆ ಗಾಡಿಯಂಗೆ ನಾ ಬತ್ತಿಲ್ಲೆ, ಬಸ್ಸಂಗೇ ಹೋತೆ." ಎಂಬತ್ತು ದಾಟಿದ ಜೀವವನ್ನು ಒಂದು ರಾತ್ರಿ ಪೂರ್ತಿ ಬಸ್ಸಿನಲ್ಲಿ ಕೂರಿಸುವುದು ಹೇಗೆ? ಹೊಸ ಗಾಡಿಗೆ ಸಾಲ ಮಾಡೋಣವೆಂದರೆ ಮಗಳ ಕಾಲೇಜಿನ ಸಾಲ ಇನ್ನೂ ಅರ್ಧ ತೀರಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಹುಬ್ಬಳ್ಳಿಯಿಂದ ಬಂದು ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಗಾಡಿ ತೊಳೆಯುವುದು ನನ್ನ ಹಳೆಯ ಹುಚ್ಚು. "ಶೆಟ್ರ, ಎರಡು ಐತವಾರ ನನಗ ಕೊಡ್ರಿ. ಮಾರೋದಿದ್ರ ಆಮೇಲೆ ಮಾರ್ರಿ" ಎಂದೆ.

ಈಗ ಇದಕ್ಕೆ ಡಿಟೇಲಿಂಗ್ ಎಂಬ ಹೆಸರಿದೆ, ಗಾಜಿನ ಬಾಗಿಲಿನ ಅಂಗಡಿಗಳಿವೆ. ನಮ್ಮದು ತಿಲಕ್ ನಗರದ ಹಳೇ ಕಟ್ಟಡದ ಅಂಗಳ. ಸೊಸೈಟಿಯಲ್ಲಿ ಪೈಪ್ ಹಿಡಿದು ಗಾಡಿ ತೊಳೆಯುವಂತಿಲ್ಲ, ಅದು ಸರಿಯೂ ಹೌದು. ಎರಡು ಬಕೆಟ್ ಸಾಕು. ಒಂದರಲ್ಲಿ ಕಾರ್ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಶಾಂಪೂವಿಗೆ ಅದ್ದಬೇಕು. ಒಂದೇ ಬಕೆಟ್ ಆದರೆ ಚಕ್ರದ ಮರಳು ಮತ್ತೆ ಬಾನೆಟ್ಟಿನ ಮೇಲೆ ಉಜ್ಜಿ, ಬಿಸಿಲಿಗೆ ಕಾಣುವ ಜೇಡರ ಬಲೆಯಂಥ ಗೆರೆಗಳು ಮೂಡುತ್ತವೆ. ಮೇಲಿನಿಂದ ಕೆಳಗೆ, ಚಕ್ರ ಕಡೆಗೆ, ಅದಕ್ಕೆ ಬೇರೆ ಬಟ್ಟೆ. ಹೆದ್ದಾರಿಯ ಡಾಂಬರಿನ ಚುಕ್ಕೆಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಮೆತ್ತಗಾಗಿ ಬಿಡುತ್ತವೆ.

"ಎಣ್ಣೆ ಹಚ್ಚಿ ಮೀಸೂದಾ? ದೀಪಾವಳಿ ಮೊದ್ಲೇ ಬಂತಲ್ಲ!" ಎಂದರು ಶೆಟ್ರು. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ.

ತೊಳೆದು ಒರೆಸಿದ ಮೇಲೆ ಒಂದು ಪರೀಕ್ಷೆ ಮಾಡಿ ನೋಡಿ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಬಾನೆಟ್ ಸವರಿದರೆ ಕಣ್ಣಿಗೆ ಕಾಣದ್ದು ಬೆರಳಿಗೆ ತಿಳಿಯುತ್ತದೆ. ಶೆಟ್ರ ಬಾನೆಟ್ ಉಪ್ಪುಕಾಗದದಂತಿತ್ತು. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಹಾರ್ಬರ್ ಲೈನ್, ನಡುವೆ ಮುಗಿಯದ ಕಟ್ಟಡ ಕೆಲಸ. ನಮ್ಮ ಚೆಂಬೂರಿನ ಧೂಳು ಶಾಂಪೂವಿಗೆ ಬಿಡುವಂಥದ್ದಲ್ಲ. ಅದಕ್ಕೆ ಕ್ಲೇ ಬಾರ್ ಎಂಬ ಜೇಡಿಮಣ್ಣಿನಂಥ ಉಂಡೆ ಸಿಗುತ್ತದೆ. ಶಾಂಪೂ ನೀರು ಚಿಮುಕಿಸುತ್ತ ಹಗುರಾಗಿ ಆಡಿಸಿದರೆ ಕಣಗಳನ್ನು ಹಿಡಿದುಕೊಂಡು ಬರುತ್ತದೆ. ನೆಲಕ್ಕೆ ಬಿದ್ದ ಉಂಡೆಯನ್ನು ಮತ್ತೆ ಬಳಸಬಾರದು.

ಆಮೇಲೆ ಪಾಲಿಶ್. ಇಲ್ಲಿ ನಮಗಿಬ್ಬರಿಗೂ ಚಿಕ್ಕ ಜಗಳವಾಯಿತು. ಛಾವಣಿಯ ಮೇಲೆ ಬಣ್ಣ ಸುಲಿದ ಹಪ್ಪಳದಂತಾಗಿತ್ತು. ಅದನ್ನೂ ಉಜ್ಜಿ ಹೊಳಪು ಮಾಡಬೇಕೆಂದು ಶೆಟ್ರ ಹಟ. ಆಗದು ಎಂದೆ. ಬಣ್ಣದ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಎಂಬ ಪದರ ಇರುತ್ತದೆ, ದಪ್ಪ ಸುಮಾರು 40ರಿಂದ 50 ಮೈಕ್ರಾನ್, ತಲೆಕೂದಲಿಗಿಂತ ತೆಳು. ಪಾಲಿಶ್ ಎಂದರೆ ಆ ಪದರವನ್ನು ತುಸು ಸವೆಸುವುದೇ. ಇರುವುದನ್ನು ಸವೆಸಬಹುದು, ಹೋದದ್ದನ್ನು ತರಲಾಗದು. ಛಾವಣಿಗೆ ಹೊಸ ಬಣ್ಣ ಹೊಡೆಸಬೇಕು, ಇಲ್ಲವೇ ಹಾಗೇ ಬಿಡಬೇಕು. ಬಿಟ್ಟೆವು. ಹಳದಿಗಟ್ಟಿದ ಹೆಡ್‌ಲೈಟಿಗೆ ಮಾತ್ರ ನೀರು ಹಾಕುತ್ತ 1000, ಆಮೇಲೆ 2000 ನಂಬರಿನ ಪಾಲಿಶ್ ಕಾಗದ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಲೇಪ ಹಚ್ಚಿದೆವು. ಲೇಪ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಇದು ಅಂದದ ಮಾತಲ್ಲ, ರಾತ್ರಿ ಅರಬೈಲು ಘಟ್ಟ ಇಳಿಯುವವನಿಗೆ ಕಣ್ಣಿನ ಮಾತು.

ಎರಡನೆಯ ಭಾನುವಾರ ಒಳಗಿನ ಕೆಲಸ. ಶೆಟ್ರು ಆಗಲೇ ಒಂದು ಕಡೆ ದುಡ್ಡು ಕೊಟ್ಟು ಒಳಗೆಲ್ಲ ಶಾಂಪೂ ಹಾಕಿಸಿದ್ದರು, ಸುಗಂಧವನ್ನೂ ಹೊಡೆಸಿದ್ದರು. ಎಂಟೇ ದಿನಕ್ಕೆ ವಾಸನೆ ಮರಳಿತ್ತು. "ಮುದಿ ಗಾಡಿ, ಮುದಿ ವಾಸನೆ" ಎಂದು ಅವರು ಕೈಬಿಟ್ಟಿದ್ದರು. ನನ್ನ ತಲೆ ಕೊರೆಯುತ್ತಿದ್ದದ್ದು ಬೇರೆ. ವಾಸನೆ ಶುರುವಾದದ್ದು ಬೇಸಿಗೆಯಲ್ಲಿ. ಮಳೆಯೇ ಬಂದಿರಲಿಲ್ಲವಲ್ಲ, ನೀರು ಎಲ್ಲಿಂದ?

ಎಡಗಡೆಯ ಮುಂದಿನ ಸೀಟು, ಅಂದರೆ ಅಮ್ಮ ಕೂರುವ ಜಾಗ. ಮ್ಯಾಟ್ ಎತ್ತಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿದೆ. ನೀರು ಜಿನುಗಿತು. ಬ್ಯಾಟರಿ ತಂತಿ ಬಿಚ್ಚಿ, ಸೀಟಿನ ನಾಲ್ಕು ಬೋಲ್ಟ್ ಕಳಚಿ, ಸೀಟು ಹೊರಗಿಟ್ಟೆವು. ಅಡಿಯಲ್ಲಿ ಶುಂಠಿ ಪೆಪ್ಪರ್‌ಮಿಂಟಿನ ಕಾಗದ, ಟೋಲ್ ಚೀಟಿಗಳು, ಒಂದು ಬೆಳ್ಳಿ ಕಾಲುಂಗುರ. ಕಾಲುಂಗುರ ನೋಡಿ ಶೆಟ್ರ ಮನೆಯವರು ನಾಲ್ಕು ವರ್ಷದ ಹಿಂದಿನ ಹುಡುಕಾಟವನ್ನು ನೆನಪಿಸಿದರು. ಕಾರ್ಪೆಟ್ ಎತ್ತಿದರೆ ಅದರ ಕೆಳಗಿನ ಸ್ಪಂಜು ನೀರು ಕುಡಿದು ಕಪ್ಪಾಗಿತ್ತು. ಬೂಸ್ಟು. ಅಮ್ಮನ ಉಬ್ಬಸ ಅಲ್ಲಿತ್ತು.

ಕಾರಣ ಸಣ್ಣದು. ಎಸಿ ಓಡುವಾಗ ಒಳಗಿನ ಗಾಳಿಯ ತೇವ ನೀರಾಗಿ ಒಂದು ಸಣ್ಣ ಕೊಳವೆಯಿಂದ ಗಾಡಿಯ ಅಡಿಗೆ ತೊಟ್ಟಿಕ್ಕಬೇಕು. ಆ ಕೊಳವೆ ಧೂಳಿನಿಂದ ಕಟ್ಟಿಕೊಂಡಿತ್ತು. ನೀರು ಹೊರಹೋಗುವ ಬದಲು ಒಳಗೇ ಇಳಿಯುತ್ತಿತ್ತು. ನೀವೂ ಪರೀಕ್ಷಿಸಬಹುದು. ಮುಂಬಯಿ, ಚೆನ್ನೈಯಂಥ ಸೆಕೆಯ ಊರಿನಲ್ಲಿ ನಿಂತ ಗಾಡಿಯಲ್ಲಿ ಹದಿನೈದು ನಿಮಿಷ ಎಸಿ ಹಾಕಿ. ಅಡಿಯಲ್ಲಿ ನೀರು ತೊಟ್ಟಿಕ್ಕದಿದ್ದರೆ ಅದು ಒಳ್ಳೆಯ ಲಕ್ಷಣವಲ್ಲ. ಕೊಳವೆ ಬಿಡಿಸಿದಾಗ ಅರ್ಧ ಚೊಂಬು ಕಂದು ನೀರು ಬಿತ್ತು.

ಅಲ್ಲಿಗೇ ಮುಗಿಯಲಿಲ್ಲ. ಒದ್ದೆ ಸ್ಪಂಜಿನ ಕೆಳಗೆ ತಗಡು ಅಂಗೈಯಗಲ ತುಕ್ಕು ಹಿಡಿದಿತ್ತು. ಸ್ಕ್ರೂ ಡ್ರೈವರಿನ ತುದಿ ಒತ್ತಿದರೆ ಒಂದು ಕಡೆ ಸೀದಾ ಹೊರಗೆ ಹೋಯಿತು, ಅಂಗಳದ ಫರ್ಸಿ ಕಂಡಿತು. ಶೆಟ್ರು ಬಹಳ ಹೊತ್ತು ಮಾತಾಡಲಿಲ್ಲ. ಹೊರಗೆ ಗಾಡಿ ಹೊಳೆಯುತ್ತಿತ್ತು. ಕಾರ್ಪೆಟ್ ಮುಚ್ಚಿ, ದಲ್ಲಾಳಿಯನ್ನು ಕರೆದರೆ ಈಗ ಗುಜರಿ ಬೆಲೆಗಿಂತ ಹೆಚ್ಚೇ ಸಿಗುತ್ತಿತ್ತು. ಅದು ನನಗೂ ಹೊಳೆಯಿತು, ಅವರಿಗೂ ಹೊಳೆದಿರಬೇಕು.

"ಇದನ್ನ ತಕಂಡವ ಅವನ ಅಮ್ಮನ್ನ ಇಲ್ಲೇ ಕೂರಿಸ್ತಾನೆ ಅಲ್ದಾ?" ಎಂದರು. ಮರುದಿನವೇ ಗಾಡಿಯನ್ನು ಗ್ಯಾರೇಜಿಗೆ ಒಯ್ದು, ತುಕ್ಕು ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸಿ, ತುಕ್ಕು ತಡೆಯುವ ಬಣ್ಣ ಹೊಡೆಸಿದರು. ಹಳೇ ಸ್ಪಂಜು ಎಸೆದೆವು. ತೊಳೆದ ಕಾರ್ಪೆಟ್ ಮೂರು ದಿನ ಟೇಬಲ್ ಫ್ಯಾನಿನ ಮುಂದೆ ಒಣಗಿತು.

ನಮ್ಮ ಪಕ್ಕದ ಕುರ್ಲಾದಲ್ಲಿ ಒಂದು ಕಾಲಕ್ಕೆ ಪ್ರೀಮಿಯರ್ ಕಾರ್ಖಾನೆ ಇತ್ತು. ಅಲ್ಲಿಂದ ಬಂದ ಫಿಯೆಟ್ ಮೂಲದ ಪದ್ಮಿನಿ ಟ್ಯಾಕ್ಸಿಗಳು 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ರಸ್ತೆ ಬಿಟ್ಟವು. ಶೆಟ್ರ ಡಿಜೈರಿನ ಡೀಸೆಲ್ ಎಂಜಿನ್ನೂ ಫಿಯೆಟ್ ವಿನ್ಯಾಸದ್ದೇ. ಖಾಸಗಿ ಗಾಡಿಗೆ ಇಲ್ಲಿ ದಿಲ್ಲಿಯಂತೆ ಹತ್ತು ವರ್ಷದ ಡೀಸೆಲ್ ನಿಯಮವಿಲ್ಲ. ಹದಿನೈದು ವರ್ಷವಾದರೆ ಪರೀಕ್ಷೆಗೆ ಒಯ್ದು, ಹಸಿರು ತೆರಿಗೆ ಕಟ್ಟಿ, ಐದು ವರ್ಷಕ್ಕೆ ನೋಂದಣಿ ನವೀಕರಿಸಬಹುದು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿದೆ. ಶೆಟ್ರು ಲೆಕ್ಕ ಹಾಕಿ ನವೀಕರಿಸುವುದೆಂದೇ ತೀರ್ಮಾನಿಸಿದರು. ಬೆಸುಗೆಯ ಖರ್ಚು ಬಿಟ್ಟರೆ ನಮಗೆ ತಗುಲಿದ್ದು ಎರಡು ಸಾವಿರ ಚಿಲ್ಲರೆ ರೂಪಾಯಿ, ಎರಡು ಭಾನುವಾರ ಮತ್ತು ನನ್ನ ಸೊಂಟ.

ಹಳೇ ಗಾಡಿ ಕೊಳ್ಳುವವರಿಗೆ ನನ್ನದು ಒಂದೇ ಮಾತು. ಹೊಳಪು ನೋಡಬೇಡಿ, ಮ್ಯಾಟ್ ಎತ್ತಿ ಕೈಯಿಂದ ಒತ್ತಿ. ಇರುವ ಗಾಡಿಯನ್ನು ವರ್ಷಕ್ಕೊಮ್ಮೆಯಾದರೂ ನೀವೇ ತೊಳೆಯಿರಿ. ಮುಟ್ಟಿದಷ್ಟೇ ನಮಗೆ ಗೊತ್ತಾಗುವುದು.

ದೀಪಾವಳಿಗೆ ಎರಡು ದಿನ ಮೊದಲು, ನಸುಕಿನಲ್ಲಿ ಅಮ್ಮ ಕೆಳಗಿಳಿದು ಬಂದರು. ಬಾಗಿಲು ತೆಗೆದು, ಒಳಗೆ ಮೂಗು ತೂರಿಸಿ, ಸ್ವಲ್ಪ ಹೊತ್ತು ನಿಂತರು. ಡ್ಯಾಶ್‌ಬೋರ್ಡಿನ ಮೇಲೆ ಅವರೇ ಯಾವಾಗಲೋ ಇಟ್ಟ ಕುಂಕುಮದ ಬೊಟ್ಟು ನಾವು ಉಜ್ಜದೆ ಬಿಟ್ಟದ್ದನ್ನು ನೋಡಿದರು. ಆಮೇಲೆ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮರುದಿನ ಕುಂದಾಪುರದಿಂದ ಫೋನು ಬಂತು. "ಕೆಮ್ಮಲಿಲ್ಲ ಮಾರಾಯ್ರೆ" ಎಂದರು ಶೆಟ್ರು. "ಆದ್ರೆ ಛಾವಣಿ ನೋಡಿ ಬಣ್ಣ ಹೊಡ್ಸು ಅಂತ ಬೈದ್ರು."