ಕ್ಷಯದಿಂದ ಗುಣಮುಖರಾಗುವುದು ಎಂದರೇನು?

ಕ್ಷಯರೋಗಿಯನ್ನು ಕರೆದುಕೊಂಡು ಬರುವ ಮನೆಯವರು ನನ್ನನ್ನು ಮೊದಲು ಕೇಳುವುದು ಔಷಧವನ್ನಲ್ಲ, ಪಥ್ಯವನ್ನು. ಮೊಸರು ಬಿಡಿಸಬೇಕೇ, ಬಾಳೆಹಣ್ಣು ತಂಪಲ್ಲವೇ, ತುಪ್ಪದಿಂದ ಕೆಮ್ಮು ಹೆಚ್ಚುವುದಿಲ್ಲವೇ, ರಾತ್ರಿಗೆ ಗಂಜಿ ಸಾಕಲ್ಲವೇ ಎಂದು ಒಂದೊಂದಾಗಿ ವಿಚಾರಿಸುತ್ತಾರೆ. ಅಷ್ಟರಲ್ಲಾಗಲೇ ರೋಗಿಯ ತಟ್ಟೆಯಿಂದ ಅರ್ಧಕ್ಕರ್ಧ ಪದಾರ್ಥಗಳು ಮಾಯವಾಗಿರುತ್ತವೆ. ನಲವತ್ತು ಕಿಲೋ ತೂಗುವ ಮನುಷ್ಯನಿಗೆ ಗಂಜಿ ನೀರನ್ನು ಕುಡಿಸಿ, ಪಥ್ಯ ಮಾಡಿಸುತ್ತಿದ್ದೇವೆ ಎಂಬ ಸಮಾಧಾನದಲ್ಲಿ ಮನೆಮಂದಿ ಇರುತ್ತಾರೆ. ಪಥ್ಯವೆಂದರೆ ಬಿಡುವುದು ಎಂಬ ಅರ್ಥ ಜನರಲ್ಲಿ ಎಂದು ಬೇರೂರಿತೋ ತಿಳಿಯದು. ಆಯುರ್ವೇದದ ಪ್ರಕಾರ ದೇಹದ ಮಾರ್ಗಗಳಿಗೆ ಹಾನಿ ಮಾಡದ, ಮನಸ್ಸಿಗೂ ಹಿತವಾದ ಆಹಾರವೇ ಪಥ್ಯ. ಅದರಲ್ಲಿ ಕೊಡುವುದೂ ಉಂಟು, ಬಿಡುವುದೂ ಉಂಟು.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕ್ಷಯವು ಸೂಕ್ಷ್ಮಾಣುವಿನಿಂದ ಬರುವ ರೋಗ. ಜರ್ಮನಿಯ ರಾಬರ್ಟ್ ಕಾಖ್ ಈ ಸೂಕ್ಷ್ಮಾಣುವನ್ನು ಕಂಡುಹಿಡಿದುದನ್ನು 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಪ್ರಕಟಿಸಿದರು. ಅದನ್ನು ಕೊಲ್ಲುವ ಔಷಧಗಳು ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಅವುಗಳಿಗೆ ಬದಲಾಗಿ ಕೊಡಬಹುದಾದ ಕಷಾಯವಾಗಲಿ, ಭಸ್ಮವಾಗಲಿ, ಲೇಹ್ಯವಾಗಲಿ ನನ್ನ ಬಳಿ ಇಲ್ಲ. ಇದೆ ಎನ್ನುವವರನ್ನು ನಂಬಬೇಡಿರಿ. ಆಯುರ್ವೇದ ವೈದ್ಯನಾಗಿಯೇ ನಾನು ಈ ಮಾತನ್ನು ಹೇಳುತ್ತಿದ್ದೇನೆ.

ಹಾಗಾದರೆ ನಮ್ಮ ಶಾಸ್ತ್ರಕ್ಕೆ ಇಲ್ಲಿ ಹೇಳಲು ಏನೂ ಇಲ್ಲವೇ? ಇದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ಎಂಟನೆಯ ಅಧ್ಯಾಯ ರಾಜಯಕ್ಷ್ಮದ್ದು. ಶಕ್ತಿ ಮೀರಿದ ದುಡಿಮೆ, ಮಲಮೂತ್ರಾದಿ ವೇಗಗಳ ತಡೆ, ಧಾತುಕ್ಷಯ, ವಿಷಮ ಭೋಜನ ಎಂಬ ನಾಲ್ಕು ಕಾರಣಗಳನ್ನು ಅಲ್ಲಿ ಹೇಳಲಾಗಿದೆ. ಸೂಕ್ಷ್ಮಾಣುವಿನ ಅರಿವು ಆ ಕಾಲಕ್ಕೆ ಇರಲಿಲ್ಲ. ಆದರೆ ರೋಗಿಯ ಪರಿಣಾಮವನ್ನು ಮುಂಚಿತವಾಗಿ ಅಳೆಯುವ ಒಂದು ಮಾತು ಆ ಅಧ್ಯಾಯದಲ್ಲಿದೆ. ಮಾಂಸ ಮತ್ತು ಬಲ ಕ್ಷೀಣಿಸಿದ ರೋಗಿಯಲ್ಲಿ ಕೆಲವೇ ಲಕ್ಷಣಗಳಿದ್ದರೂ ಆತನನ್ನು ಉಳಿಸುವುದು ಕಷ್ಟ. ಮಾಂಸ ಬಲಗಳು ಉಳಿದಿದ್ದರೆ ಎಲ್ಲ ಲಕ್ಷಣಗಳಿದ್ದರೂ ಚಿಕಿತ್ಸೆ ಮಾಡಬಹುದು ಎಂಬುದು ಅದರ ತಾತ್ಪರ್ಯ. ವಿದ್ಯಾರ್ಥಿದೆಸೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆವು. ಇದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ತಿಳಿಯಲು ಸಾವಿರಾರು ರೋಗಿಗಳನ್ನು ತೂಗಿ, ಅವರನ್ನು ತಿಂಗಳುಗಟ್ಟಲೆ ಹಿಂಬಾಲಿಸಬೇಕಾಗಿತ್ತು. ಆ ಕೆಲಸ ಇತ್ತೀಚೆಗೆ ನಮ್ಮ ದೇಶದಲ್ಲಿಯೇ ನಡೆಯಿತು. ಅದಕ್ಕೆ ಬರುವ ಮುನ್ನ ಹಿಂದಿನ ಎರಡು ಅಧ್ಯಯನಗಳನ್ನು ಹೇಳಬೇಕಾಗುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಕಾಲದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧ ಅಮೆರಿಕದಲ್ಲಿ ಸಿದ್ಧವಾಗಿತ್ತು. ಬ್ರಿಟನ್ನಿಗೆ ದೊರೆತದ್ದು ಅಲ್ಪ ಪ್ರಮಾಣದಲ್ಲಿ. ಎಲ್ಲರಿಗೂ ಕೊಡಲು ಸಾಲದ ಔಷಧವನ್ನು ಯಾರಿಗೆ ಕೊಡಬೇಕು? ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಒಂದು ಕ್ರಮವನ್ನು ರೂಪಿಸಿದರು. ಯಾದೃಚ್ಛಿಕ ಸಂಖ್ಯೆಗಳ ಆಧಾರದಿಂದ ಮುಚ್ಚಿದ ಲಕೋಟೆಗಳನ್ನು ಸಿದ್ಧಪಡಿಸಿ, ಲಕೋಟೆ ಹೇಳಿದಂತೆ ರೋಗಿಯನ್ನು ಒಂದು ಗುಂಪಿಗೆ ಸೇರಿಸುವುದು. ಇದರಲ್ಲಿ ವೈದ್ಯರ ಒಲವಿಗೆ ಅವಕಾಶವಿಲ್ಲ. ಹಿಲ್ ಅವರೂ ಯೌವನದಲ್ಲಿ ಕ್ಷಯದಿಂದ ವರ್ಷಗಳ ಕಾಲ ಬಳಲಿ ಬದುಕಿ ಬಂದವರೆಂಬುದು ಇಲ್ಲಿ ನೆನೆಯತಕ್ಕದ್ದು. 55 ಜನರಿಗೆ ಔಷಧ ಮತ್ತು ವಿಶ್ರಾಂತಿ, 52 ಜನರಿಗೆ ವಿಶ್ರಾಂತಿ ಮಾತ್ರ ದೊರೆಯಿತು. ಆರು ತಿಂಗಳಲ್ಲಿ ಔಷಧದ ಗುಂಪಿನಲ್ಲಿ ಸತ್ತವರು 4, ಇನ್ನೊಂದರಲ್ಲಿ 14. 1948ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ವೈದ್ಯಲೋಕ ಹರ್ಷಿಸಿದುದು ಸಹಜ.

ಆದರೆ ಆ ರೋಗಿಗಳನ್ನು ಐದು ವರ್ಷಗಳವರೆಗೆ ಗಮನಿಸಿದಾಗ ಚಿತ್ರವೇ ಬದಲಾಯಿತು. ಔಷಧ ಪಡೆದ 55ರಲ್ಲಿ 32 ಜನ, ಪಡೆಯದ 52ರಲ್ಲಿ 35 ಜನ ತೀರಿಕೊಂಡಿದ್ದರು. ಒಂದೇ ಔಷಧಕ್ಕೆ ಸೂಕ್ಷ್ಮಾಣು ಒಗ್ಗಿಹೋಗಿ, ಅದನ್ನು ಲೆಕ್ಕಿಸದಂತಾಗಿತ್ತು. ಇಂದು ಎರಡು ತಿಂಗಳು ನಾಲ್ಕು ಔಷಧಗಳನ್ನೂ ಮುಂದಿನ ನಾಲ್ಕು ತಿಂಗಳು ಮೂರು ಔಷಧಗಳನ್ನೂ ಒಟ್ಟಿಗೆ ಕೊಡುವುದರ ಹಿಂದೆ ಈ ಪಾಠವಿದೆ. ಎರಡನೆಯ ತಿಂಗಳಿಗೆ ಕೆಮ್ಮು ನಿಂತಿತು, ಜ್ವರ ಇಳಿಯಿತು, ಇನ್ನೇಕೆ ಗುಳಿಗೆ ಎಂದು ನಿಲ್ಲಿಸುವವರು ತಮ್ಮ ದೇಹದಲ್ಲಿ ಅದೇ ಒಗ್ಗುವಿಕೆಗೆ ಆಸ್ಪದ ಕೊಡುತ್ತಾರೆ.

ಎರಡನೆಯ ಅಧ್ಯಯನ ನಡೆದುದು ಮದರಾಸಿನಲ್ಲಿ. ಆ ಕಾಲದಲ್ಲಿ ಕ್ಷಯಕ್ಕೆ ಸ್ಯಾನಿಟೋರಿಯಂ ವಾಸವೇ ಚಿಕಿತ್ಸೆಯ ಜೀವಾಳವೆಂದು ಎಲ್ಲೆಡೆ ನಂಬಲಾಗಿತ್ತು: ಶುದ್ಧ ಗಾಳಿ, ಪೂರ್ಣ ವಿಶ್ರಾಂತಿ, ಹಾಲು ತುಪ್ಪದ ಊಟ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಿಟೋರಿಯಂ ಇರುವುದನ್ನು ಹಿರಿಯರು ಬಲ್ಲರು. ಆದರೆ ದೇಶದ ಲಕ್ಷಾಂತರ ರೋಗಿಗಳಿಗೆ ಅಷ್ಟು ಹಾಸಿಗೆಗಳನ್ನು ಎಲ್ಲಿಂದ ತರುವುದು? 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಪರಿಷತ್ತು ಕೂಡಿ ಅಲ್ಲಿ ಒಂದು ಕೇಂದ್ರವನ್ನು ತೆರೆದವು. ಡಾ. ವ್ಯಾಲೇಸ್ ಫಾಕ್ಸ್ ಅದರ ಮೊದಲ ಮುಖ್ಯಸ್ಥರು. ನಗರದ ಬಡ ಬಡಾವಣೆಗಳ ರೋಗಿಗಳನ್ನು ಆಯ್ದು, ಅರ್ಧ ಜನರನ್ನು ಸ್ಯಾನಿಟೋರಿಯಂಗೆ ಕಳುಹಿಸಿದರು, ಉಳಿದರ್ಧ ಜನರನ್ನು ಮನೆಯಲ್ಲಿಯೇ ಇರಿಸಿದರು. ಆಯ್ಕೆ ಇಲ್ಲಿಯೂ ಯಾದೃಚ್ಛಿಕವೇ. ಔಷಧ ಇಬ್ಬರಿಗೂ ಒಂದೇ.

ವರ್ಷದ ಕೊನೆಗೆ ಮನೆಯಲ್ಲಿದ್ದವರಲ್ಲಿ ಶೇಕಡಾ 86, ಸ್ಯಾನಿಟೋರಿಯಂನಲ್ಲಿದ್ದವರಲ್ಲಿ ಶೇಕಡಾ 92 ಜನರ ಕಫದಲ್ಲಿ ರೋಗ ಶಮನವಾಗಿತ್ತು. ವ್ಯತ್ಯಾಸ ಅಷ್ಟೇ. ಐದು ವರ್ಷಗಳ ಬಳಿಕ ನೋಡಿದಾಗ ಎರಡು ಗುಂಪುಗಳೂ ಹೆಚ್ಚು ಕಡಿಮೆ ಸಮನಾಗಿದ್ದವು. ರೋಗಿಯೊಡನೆ ಒಂದೇ ಸೂರಿನಡಿ ವಾಸಿಸಿದ ಬಂಧುಗಳಿಗೆ ಹೆಚ್ಚು ಸೋಂಕು ತಗುಲಲಿಲ್ಲ ಎಂಬುದು ಇದಕ್ಕಿಂತ ದೊಡ್ಡ ಸುದ್ದಿ. ಔಷಧ ಆರಂಭವಾದ ಮೇಲೆ ರೋಗಿಯು ಬೇಗನೆ ಸೋಂಕು ಹರಡುವ ಶಕ್ತಿಯನ್ನು ಕಳೆದುಕೊಳ್ಳುತ್ತಾನೆ. ಮನೆಯವರಿಗೆ ಸೋಂಕಿನ ಅಪಾಯ ಹೆಚ್ಚಾಗಿರುವುದು ರೋಗ ಪತ್ತೆಯಾಗುವುದಕ್ಕೆ ಮೊದಲು. ಇಂದಿಗೂ ಕೆಲವು ಮನೆಗಳಲ್ಲಿ ಸೊಸೆಗೆ ಕ್ಷಯವೆಂದು ತಿಳಿದೊಡನೆ ತವರಿಗೆ ಕಳುಹಿಸುತ್ತಾರೆ, ತಟ್ಟೆ ಲೋಟ ಬೇರೆ ಮಾಡುತ್ತಾರೆ, ಮಕ್ಕಳನ್ನು ಅವಳ ಹತ್ತಿರ ಬಿಡುವುದಿಲ್ಲ. ಅರವತ್ತು ವರ್ಷಗಳಿಗೂ ಹಿಂದೆ ಮದರಾಸಿನ ಒಂದೇ ಕೋಣೆಯ ಮನೆಗಳಲ್ಲಿ ಪರೀಕ್ಷಿಸಿ ತೋರಿಸಿದ ಸಂಗತಿ ನಮ್ಮ ಊರುಗಳನ್ನು ಇನ್ನೂ ತಲುಪಿಲ್ಲ. ತಟ್ಟೆ ಲೋಟಗಳಿಂದ ಕ್ಷಯ ಹರಡುವುದಿಲ್ಲ. ಅದು ಗಾಳಿಯ ಮೂಲಕ ಹರಡುತ್ತದೆ. ಕಿಟಕಿ ತೆರೆದಿಡುವುದು, ಕೆಮ್ಮುವಾಗ ಬಾಯಿಗೆ ಬಟ್ಟೆ ಹಿಡಿಯುವುದು ಇದಕ್ಕೆ ಉಪಾಯ.

ಮನೆಗೆ ಕೊಟ್ಟ ಗುಳಿಗೆಗಳನ್ನು ಎಲ್ಲರೂ ನುಂಗುತ್ತಿರಲಿಲ್ಲವೆಂಬುದು ಸಹ ಮದರಾಸಿನಲ್ಲಿಯೇ ಸ್ಪಷ್ಟವಾಯಿತು. ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಗುಳಿಗೆ ಎಣಿಸಿದರು, ಮೂತ್ರ ಪರೀಕ್ಷಿಸಿದರು. ಕಣ್ಣೆದುರಿಗೇ ಔಷಧ ನುಂಗಿಸುವ ಪದ್ಧತಿಗೆ ಇಲ್ಲಿಯೇ ಬೀಜ ಬಿದ್ದಿತು. ನಮ್ಮ ತುಮಕೂರು ಜಿಲ್ಲೆಯಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಡೆಸಿದ, 1963ರಲ್ಲಿ ಪ್ರಕಟವಾದ ಅಧ್ಯಯನವೂ ಇಷ್ಟೇ ಮಹತ್ವದ್ದು. ಹಳ್ಳಿಯವರು ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಅಂದಿನದು. ಕ್ಷಯವಿದ್ದ ಹಳ್ಳಿಗರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಚಿಕಿತ್ಸೆ ಅರಸಿ ಹೋಗಿದ್ದರೆಂದೂ, ಅವರಲ್ಲಿ ಎಷ್ಟೋ ಮಂದಿ ಕೆಮ್ಮಿನ ಔಷಧದ ಬಾಟಲಿಯೊಂದನ್ನು ಹಿಡಿದು ಮರಳಿದ್ದರೆಂದೂ ಕಂಡುಬಂದಿತು.

ಈಗ ಆಹಾರದ ವಿಷಯ. ಮದರಾಸಿನಲ್ಲಿ ಸ್ಯಾನಿಟೋರಿಯಂನವರು ಚೆನ್ನಾಗಿ ಉಂಡು ಹೆಚ್ಚು ತೂಕ ಗಳಿಸಿದ್ದರು; ಮನೆಯಲ್ಲಿದ್ದವರ ಊಟ ಬಡವರ ಊಟವೇ. ಆದರೂ ಕಫ ಶುದ್ಧವಾಗುವುದರಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಇದರಿಂದ, ಔಷಧ ಸರಿಯಾಗಿದ್ದರೆ ಆಹಾರದ ಚಿಂತೆ ಬೇಡ ಎಂಬ ಅಭಿಪ್ರಾಯ ವೈದ್ಯರಲ್ಲಿ ನೆಲೆಯೂರಿ ಬಹುಕಾಲ ಉಳಿಯಿತು. ಅಧ್ಯಯನವು ಹೇಳಿದುದಕ್ಕಿಂತ ಹೆಚ್ಚನ್ನು ಅದರ ಬಾಯಿಂದ ಹೇಳಿಸಿದಂತಾಯಿತು ಎಂಬುದು ನನ್ನ ಅಭಿಪ್ರಾಯ. ಅಳೆದದ್ದು ಕಫದೊಳಗಿನ ಸೂಕ್ಷ್ಮಾಣುವನ್ನು. ರೋಗಿ ಮತ್ತೆ ಹೊಲದಲ್ಲಿ ನಿಂತು ದುಡಿಯಬಲ್ಲನೇ, ತೀರ ಕೃಶನಾಗಿ ಬಂದವನು ಮೊದಲ ಎರಡು ತಿಂಗಳು ದಾಟುವನೇ, ಅವನೊಡನೆ ಹಸಿದಿರುವ ಮಡದಿ ಮಕ್ಕಳಿಗೆ ಮುಂದೆ ರೋಗ ಬರುವುದೇ ಎಂಬವು ಬೇರೆ ಪ್ರಶ್ನೆಗಳು.

ಆ ಪ್ರಶ್ನೆಗಳನ್ನು ಎತ್ತಿಕೊಂಡವರು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ದಂಪತಿಗಳು ಮತ್ತು ಅವರ ಸಂಗಡಿಗರು. ಕ್ಷೇತ್ರ ಜಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳು. ಅವಧಿ 2019ರಿಂದ 2022. ಶ್ವಾಸಕೋಶದ ಕ್ಷಯವಿದ್ದ 2,800 ರೋಗಿಗಳು, ಅವರ ಮನೆಗಳ 10,345 ಬಂಧುಗಳು ಇದರಲ್ಲಿದ್ದರು. ರೋಗಿಗಳಲ್ಲಿ ಐವರಲ್ಲಿ ನಾಲ್ವರು ಅಪೌಷ್ಟಿಕತೆಯಿಂದ ನರಳುತ್ತಿದ್ದವರು. ಎಲ್ಲ ರೋಗಿಗಳಿಗೂ ಔಷಧದೊಡನೆ ಆರು ತಿಂಗಳು, ತಿಂಗಳಿಗೆ 10 ಕಿಲೋ ಆಹಾರ ಪದಾರ್ಥಗಳನ್ನು ಕೊಟ್ಟರು: ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ, ಜೊತೆಗೆ ಜೀವಸತ್ವದ ಗುಳಿಗೆ. ಹಸಿದ ರೋಗಿಗೆ ಅನ್ನ ನಿರಾಕರಿಸಿ ಹೋಲಿಸಿ ನೋಡುವುದು ಧರ್ಮವಲ್ಲವಾದುದರಿಂದ ರೋಗಿಗಳಲ್ಲಿ ಭೇದ ಮಾಡಲಿಲ್ಲ. ಹೋಲಿಕೆ ನಡೆದುದು ಮನೆಯವರಲ್ಲಿ. ಒಂದು ಗುಂಪಿನ ಪ್ರದೇಶಗಳಲ್ಲಿ ಮನೆಯ ಪ್ರತಿಯೊಬ್ಬರಿಗೂ ಅಕ್ಕಿ ಬೇಳೆ ದೊರೆಯಿತು, ಇನ್ನೊಂದರಲ್ಲಿ ರೋಗಿಗೆ ಮಾತ್ರ.

ಆಹಾರ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇಕಡಾ 39ರಷ್ಟು ಕಡಿಮೆಯಾಯಿತು. ಕಫ ಪರೀಕ್ಷೆಯಲ್ಲಿ ದೃಢಪಟ್ಟ ಶ್ವಾಸಕೋಶದ ಕ್ಷಯವನ್ನಷ್ಟೇ ಎಣಿಸಿದರೆ ಶೇಕಡಾ 48. ಅಕ್ಕಿ ಬೇಳೆಗೆ ಇಂತಹ ಶಕ್ತಿ ಇರುವುದನ್ನು ಅಂಕಿ ಸಂಖ್ಯೆಗಳಲ್ಲಿ ತೋರಿಸಿದ ಈ ಫಲಿತಾಂಶ 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ರೋಗಿಗಳಲ್ಲಿ ಸುಮಾರು ಶೇಕಡಾ 94 ಜನರ ಚಿಕಿತ್ಸೆ ಯಶಸ್ವಿಯಾಯಿತು. ಮೊದಲ ಎರಡು ತಿಂಗಳಲ್ಲಿ ಶೇಕಡಾ ಐದರಷ್ಟು ತೂಕ ಗಳಿಸಿದವರಲ್ಲಿ ಸಾವಿನ ಸಂಭವ ಸುಮಾರು ಶೇಕಡಾ 60ರಷ್ಟು ಕಡಿಮೆ ಇತ್ತು. 40 ಕಿಲೋ ಇದ್ದವನಿಗೆ ಇದು ಎರಡೇ ಕಿಲೋ. ರೋಗ ಹಗುರವಾಗಿದ್ದವರು ಹೆಚ್ಚು ಉಂಡು ಹೆಚ್ಚು ತೂಕ ಗಳಿಸಿರಲೂಬಹುದು. ತೂಕವೊಂದೇ ಅವರನ್ನು ಉಳಿಸಿತೆಂದು ಹಟ ಹಿಡಿಯಲಾಗದು. ಆದರೂ ಮಾಂಸ ಬಲಗಳ ಕುರಿತು ಚರಕಸಂಹಿತೆಯ ಮಾತನ್ನು ಓದಿದ ನನ್ನಂತಹವನಿಗೆ ಈ ಅಂಕಿಗಳು ಅಪರಿಚಿತವೆನಿಸಲಿಲ್ಲ.

ಸಸ್ಯಾಹಾರಿಗಳಾದ ನಮ್ಮ ಓದುಗರಲ್ಲಿ ಒಂದು ಸಂಶಯ ಸಹಜ. ಚರಕಸಂಹಿತೆ ಯಕ್ಷ್ಮರೋಗಿಗೆ ಮಾಂಸರಸವನ್ನು ವಿಶೇಷವಾಗಿ ಹೇಳುತ್ತದೆ. ಮಾಂಸ ಮುಟ್ಟದವರ ಗತಿ ಏನು? ಜಾರ್ಖಂಡಿನ ಚೀಲದಲ್ಲಿ ಮಾಂಸವೂ ಇರಲಿಲ್ಲ, ಮೊಟ್ಟೆಯೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಪುಠಾಣಿ ಹಿಟ್ಟು, ಶೇಂಗಾ, ಮೊಳಕೆ ಬಂದ ಹೆಸರುಕಾಳು, ತೊಗರಿಬೇಳೆ, ಹಾಲು, ಮೊಸರು, ತುಪ್ಪ ಇವೆ. ಪುಠಾಣಿ ಹಿಟ್ಟಿಗೆ ಬೆಲ್ಲ, ತುಪ್ಪ ಬೆರೆಸಿದ ಒಂದು ಉಂಡೆ, ಒಂದು ಲೋಟ ಹಾಲು, ಇವು ದಿನಕ್ಕೆರಡು ಬಾರಿ ಊಟದ ಹೊರತಾಗಿ ಹೋಗಲಿ. ಮಧುಮೇಹವಿದ್ದರೆ ಬೆಲ್ಲ ಬಿಡಿ. ಮೊದಲ ವಾರಗಳಲ್ಲಿ ಅಗ್ನಿ ಮಂದವಾಗಿರುತ್ತದೆ, ಹಸಿವೆ ಇರುವುದಿಲ್ಲ. ಆಗ ತಟ್ಟೆ ತುಂಬ ಬಡಿಸಿ ಒತ್ತಾಯಿಸುವ ಬದಲು ಎರಡು ಮೂರು ತಾಸಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುವುದು ಯುಕ್ತ. ತಟ್ಟೆಯಿಂದ ತೆಗೆಯಬೇಕಾದದ್ದು ಮದ್ಯ, ತಂಬಾಕು ಇವೆರಡೇ.

ಈ ಔಷಧಗಳ ಅವಧಿಯಲ್ಲಿ ಮೂತ್ರ ಕೆಂಪಾಗುವುದು ರಿಫಾಂಪಿಸಿನ್ ಗುಣ, ಅದಕ್ಕೆ ಹೆದರಬೇಕಿಲ್ಲ. ಆದರೆ ಕಣ್ಣು ಹಳದಿಯಾಗುವುದು, ಬಿಡದ ವಾಂತಿ, ಅನ್ನ ಕಂಡರೆ ಹೇಸಿಗೆ ಕಾಣಿಸಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಯಕೃತ್ತಿಗೆ ಪೆಟ್ಟು ಬೀಳುವ ಸಂಭವವಿರುವುದರಿಂದ ಯಾರೋ ಹೇಳಿದ ರಸೌಷಧಿ, ಭಸ್ಮಗಳನ್ನು ಇದರೊಡನೆ ಸೇರಿಸಬಾರದು. ನನ್ನ ಬಳಿ ಬಂದವರಿಗೂ ನಾನು ಅವನ್ನು ಕೊಡುವುದಿಲ್ಲ.

ಸರಕಾರವು 2018ರಿಂದ ಚಿಕಿತ್ಸೆಯಲ್ಲಿರುವವರಿಗೆ ತಿಂಗಳಿಗೆ 500 ರೂಪಾಯಿ ಪೋಷಣೆಯ ನೆರವು ನೀಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಡಿ ವ್ಯಕ್ತಿಗಳೂ ಸಂಘ ಸಂಸ್ಥೆಗಳೂ ರೋಗಿಗಳಿಗೆ ಆಹಾರದ ಕಿಟ್ ಒದಗಿಸಬಹುದು. ನಿತ್ಯ ದಾಸೋಹ ನಡೆಯುವ ಮಠಗಳ ಭಕ್ತರಿಗೆ ಇದು ಹೊಸ ಕೆಲಸವೇನಲ್ಲ. ಕಿಟ್ ಕೊಡುವವರು ರೋಗಿಯೊಬ್ಬನ ಲೆಕ್ಕ ಹಿಡಿಯದೆ ಮನೆಯ ತಲೆಗಳನ್ನು ಎಣಿಸಿ ಕೊಡಲಿ ಎಂಬುದು ನನ್ನ ವಿನಂತಿ. ಬಡಮನೆಯಲ್ಲಿ ಒಬ್ಬನಿಗೆಂದು ಬಂದ ಬೇಳೆ ಎಲ್ಲರ ಸಾರಿಗೂ ಹಂಚಿಹೋಗುತ್ತದೆ. ತಾಯಿಯಾದವಳು ತನ್ನ ಪಾಲಿನ ಹಾಲನ್ನು ಮಕ್ಕಳಿಗೆ ಕೊಡುತ್ತಾಳೆ.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದಿದ್ದರೂ ಕಫ ಪರೀಕ್ಷೆ ಆಗಲಿ. ಮನೆಯಲ್ಲಿ ಒಬ್ಬರಿಗೆ ರೋಗ ದೃಢಪಟ್ಟರೆ ಉಳಿದವರೂ, ಮುಖ್ಯವಾಗಿ ಐದು ವರ್ಷದೊಳಗಿನ ಮಕ್ಕಳು, ತಪಾಸಣೆಗೆ ಹೋಗಬೇಕು. ಅವರಿಗೆ ಮುಂಜಾಗ್ರತೆಯ ಔಷಧ ದೊರೆಯುತ್ತದೆ. ರೋಗಿಯ ತೂಕವನ್ನು ಚಿಕಿತ್ಸೆ ಆರಂಭವಾದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಪ್ರತಿ ಹದಿನೈದು ದಿನಕ್ಕೊಮ್ಮೆ ಅದೇ ತಕ್ಕಡಿಯಲ್ಲಿ ತೂಗಿಸಿ. ಎರಡು ತಿಂಗಳಾದರೂ ಮುಳ್ಳು ಮೇಲೇರದಿದ್ದರೆ ಆ ಕ್ಯಾಲೆಂಡರಿನ ಹಾಳೆಗಳನ್ನೇ ವೈದ್ಯರ ಮುಂದಿಟ್ಟು, ರಕ್ತದ ಸಕ್ಕರೆಯನ್ನೂ ಕಫವನ್ನೂ ಮತ್ತೊಮ್ಮೆ ಪರೀಕ್ಷಿಸುವಂತೆ ಕೇಳಿರಿ.