ಒಂದೇ ಪ್ಲೇಟಿಗೆ ಎರಡು ಸಲ ರೊಕ್ಕ!

ಗಾದಿಗನೂರು: ಹೊಸಪೇಟೆ ಕಡೆಯಿಂದ ಬಂದ ಬಸ್ಸು ಇಲ್ಲಿ ನಿಂತಾಗ ಇಳಿಯುವವರ ಕೈಯನ್ನು ಸ್ವಲ್ಪ ನೋಡಿ. ಕಾಯಿಪಲ್ಲೆ ಚೀಲ, ಔಷಧಿ ಪೊಟ್ಟಣ, ಪಂಪಿನ ವಾಷರ್ರು, ಮಕ್ಕಳ ಚಪ್ಪಲಿ. ಇವರ ನಡುವೆ ಯಾರಾದರೂ ಒಬ್ಬರು ಚೌಕಾಕಾರದ ಕಟ್ಟೊಂದನ್ನು ಕೂಸಿನಂತೆ ಎದೆಗೆ ಅವುಚಿಕೊಂಡು, "ಸ್ವಲ್ಪ ಸರೀರಿ, ತಾಗುತ್ತೆ" ಅನ್ನುತ್ತಾ ಇಳಿದರೆ ಅದು ಗ್ರಾಮಫೋನ್ ಪ್ಲೇಟು ಅಂತ ತಿಳಿಯಿರಿ. ಅಂಥವರು ದೊಡ್ಡ ಊರಿಗೆ ಹತ್ತು ಮಂದಿ, ಸಣ್ಣ ಊರಿಗೆ ಒಬ್ಬರು ಇದ್ದೇ ಇರ್ತಾರೆ.

ಮನೆಗೆ ಹೋಗಿ ಕಟ್ಟು ಬಿಚ್ಚಿ, ಧೂಳು ಒರೆಸಿ, ಮುಳ್ಳು ಇಡುತ್ತಾರೆ. ನಾಲ್ಕು ಸುತ್ತು ತಿರುಗುವುದರೊಳಗೆ ಅಡುಗೆ ಮನೆಯಿಂದ ಪ್ರಶ್ನೆ ಬರುತ್ತದೆ: "ಏನ್ರೀ, ಇದು ಆಗ್ಲೇ ಮನ್ಯಾಗ ಐತಲ್ಲ? ದೀಪಾವಳಿಗೆ ತಂದಿದ್ರಿ."

ಯಜಮಾನರು ಒಪ್ಪೋದಿಲ್ಲ. "ಅದು ಬೇರೆ, ಇದು ಬೇರೆ." ಕಪಾಟಿನಿಂದ ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ನೋಡುತ್ತಾರೆ. ಅದೇ ಹಾಡು, ಅದೇ ಕಂಠ, ಅದೇ ನಂಬರು. ಶೇಂಗಾ ಎಣ್ಣೆಗೆ ಅಂತ ಇಟ್ಟ ರೊಕ್ಕ ಹೋಯಿತು. ಈ ಜಗಳ ಸಣ್ಣದಲ್ಲ. ಹಳೇ ಪ್ಲೇಟು ಕೂಡಿಸುವವರ ಮನೆಗಳಲ್ಲಿ ಬೇರೆ ಯಾವ ವಿಷಯಕ್ಕೂ ಇಷ್ಟು ಮಾತು ಬೆಳೆಯುವುದಿಲ್ಲ.

ಬುದ್ಧಿವಂತರು, ವ್ಯಾಪಾರ ಬಲ್ಲವರು, ಸಾಲದ ಲೆಕ್ಕವನ್ನು ಬಾಯಿಪಾಠ ಹೇಳುವವರು ಇದೊಂದರಲ್ಲಿ ಯಾಕೆ ಎಡವುತ್ತಾರೆ? ಮರೆವು ಒಂದು ಕಾರಣ, ಖರೆ. ಆದರೆ ಪ್ಲೇಟುಗಳೂ ಕಡಿಮೆ ಮೋಸಗಾರರಲ್ಲ.

ಹೆಸರಿನ ಸಂಗತಿಯನ್ನೇ ತಗೊಳ್ಳಿ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಹೆಸರು ಕೇಳದವರು ಈ ಸೀಮೆಯಲ್ಲಿ ಯಾರಿದ್ದಾರೆ? ಆದರೆ 1930ರ ದಶಕದಲ್ಲಿ ಅವರ ಆರಂಭದ ಪ್ಲೇಟುಗಳು ಬಂದದ್ದು 'ಗಾಂಧಾರಿ' ಎಂಬ ಹೆಸರಿನಲ್ಲಿ. ಇದು ಗೊತ್ತಿಲ್ಲದವನು ಗಾಂಧಾರಿ ಅಂದರೆ ಇನ್ಯಾರೋ ಅಂದುಕೊಂಡು ಬಿಟ್ಟು ಬರುತ್ತಾನೆ. ಅರ್ಧ ಗೊತ್ತಿದ್ದವನು ಮನೆಯ ಪಟ್ಟಿಯಲ್ಲಿ ಒಂದನ್ನು 'ಗ' ಸಾಲಿನಲ್ಲಿ, ಇನ್ನೊಂದನ್ನು 'ಹ' ಸಾಲಿನಲ್ಲಿ ಬರೆದಿಟ್ಟು, ಕಡೆಗೆ ಎರಡು ಸಲ ಕೊಳ್ಳುತ್ತಾನೆ.

ಸಿನಿಮಾ ಪ್ಲೇಟಿನ ಫಜೀತಿ ಇನ್ನೊಂದು ತರಹ. ನಮ್ಮ ಜನಕ್ಕೆ ಅದು ರಾಜಕುಮಾರ್ ಹಾಡು. ಪ್ಲೇಟಿನ ಮೇಲೆ ಇರುವುದು ಪಿ.ಬಿ. ಶ್ರೀನಿವಾಸ್ ಹೆಸರು. 1974ರ 'ಸಂಪತ್ತಿಗೆ ಸವಾಲ್' ಆದಮೇಲೆ ರಾಜ್ ತಮ್ಮ ಹಾಡನ್ನು ತಾವೇ ಹಾಡುವುದು ರೂಢಿಯಾಯಿತು. ಅದಕ್ಕೂ ಮೊದಲು ಹೆಚ್ಚಾಗಿ ಶ್ರೀನಿವಾಸರೇ ಅವರ ಕಂಠ. ಮನೆಯ ನೋಟ್‌ಬುಕ್ಕಿನಲ್ಲಿ ನಟನ ಹೆಸರಿನ ಕೆಳಗೆ ಬರೆದದ್ದನ್ನು ಅಂಗಡಿಯಲ್ಲಿ ಗಾಯಕನ ಹೆಸರಿನ ಕೆಳಗೆ ಹುಡುಕಿದರೆ ಸಿಗುವುದುಂಟೇ? "ಇಲ್ಲ, ನನ್ನತ್ರ ಇಲ್ಲ" ಅಂತ ಧೈರ್ಯವಾಗಿ ರೊಕ್ಕ ಎಣಿಸುತ್ತಾರೆ.

ಅದೂ ಸಾಲದೆಂಬಂತೆ ಕಂಪನಿಗಳು ಅದೇ ಹಾಡನ್ನು ಬೇರೆ ಬೇರೆ ಅಂಗಿ ತೊಡಿಸಿ ಕಳಿಸಿದವು. ಮೊದಲು ಏಳು ಇಂಚಿನ ಸಣ್ಣ ಇ.ಪಿ. ಪ್ಲೇಟು. ಆಮೇಲೆ ಹನ್ನೆರಡು ಇಂಚಿನ ಎಲ್.ಪಿ., ಅದರಲ್ಲಿ ನಾಲ್ಕಾರು ಚಿತ್ರಗಳ ಆಯ್ದ ಹಾಡು. 1972ರ 'ಬಂಗಾರದ ಮನುಷ್ಯ'ದಂಥ ಚಿತ್ರದ ಹಾಡು ಒಂದು ಕಡೆ ಚಿತ್ರದ ಹೆಸರಲ್ಲಿ, ಇನ್ನೊಂದು ಕಡೆ ಹಳೇ ಹಿಟ್ ಹಾಡುಗಳ ಗುಂಪಿನಲ್ಲಿ. ಹತ್ತು ಹಾಡಿನ ಎಲ್.ಪಿ. ತಂದು ನೋಡಿದರೆ ಏಳು ಹಾಡು ಆಗಲೇ ಮನೆಯಲ್ಲಿವೆ. ಇದನ್ನು ಡಬಲ್ ಅನ್ನೋಣವೋ ಬೇಡವೋ? ಮೂರು ಹಾಡಿಗೋಸ್ಕರ ಕೊಂಡೆ ಅನ್ನುವವರು ಪಂಚಾಯ್ತಿಯಲ್ಲಿ ಗೆದ್ದರೂ ಮನೆಯಲ್ಲಿ ಸೋಲುತ್ತಾರೆ.

ಇನ್ನು ಕವರಿನ ಅದಲು ಬದಲು. ಗುಜರಿಯಲ್ಲಿ ಯಾವ ಹೊದಿಕೆಯಲ್ಲಿ ಯಾವ ಪ್ಲೇಟು ಇರುತ್ತದೋ ದೇವರೇ ಬಲ್ಲ. ಮೇಲೆ ದಾಸರ ಪದ, ಒಳಗೆ ಡಿಸ್ಕೊ. ತೆಗೆದು ನೋಡದೆ ಕೊಂಡವರ ಸಂಕಟ ಅವರಿಗೇ ಗೊತ್ತು.

ಎಲ್ಲಕ್ಕಿಂತ ದೊಡ್ಡ ಕಾರಣ ಲಾಟು. ಬಿಡಿಯಾಗಿ ಕೊಡಲಿಕ್ಕೆ ಗುಜರಿಯವನಿಗೆ ಪುರುಸೊತ್ತಿಲ್ಲ. "ತಗೊಂಡ್ರೆ ಚೀಲ ಪೂರ್ತಿ ತಗೊಳ್ರಿ" ಅನ್ನುತ್ತಾನೆ. ಬೇಕಾದದ್ದು ಎರಡು, ಬರುವುದು ನಲವತ್ತು. ಅದರಲ್ಲಿ ಹತ್ತು ಮನೆಯಲ್ಲೇ ಇರುವಂಥವು.

ಈ ಚೀಲಗಳು ಎಲ್ಲಿಂದ ಬಂದವು? ಬಹುಪಾಲು ಮೈಕ್‌ಸೆಟ್ಟಿನವರ ಅಟ್ಟದಿಂದ. ಜಾತ್ರೆ, ಮದುವೆ, ಗಣಪತಿ ಹಬ್ಬಕ್ಕೆಲ್ಲ ಪ್ಲೇಟು ಹಾಕುತ್ತಿದ್ದವರು ಅವರೇ. ಟೆಂಟ್ ಸಿನಿಮಾದಲ್ಲಿ ಆಟಕ್ಕೆ ಮುಂಚೆ ಘಂಟಸಾಲರ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಟಿಕೆಟ್ಟಿಗೆ ಓಡುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬೇಕು. ದಿನಾ ಅದೇ ಪ್ಲೇಟು ತಿರುಗಿದರೆ ಸವೆಯದೆ ಇರುತ್ತದೆಯೇ? ಅದರಲ್ಲೂ 78 ಸುತ್ತಿನ ಅರಗಿನ ಪ್ಲೇಟಿಗೆ ಉಕ್ಕಿನ ಮುಳ್ಳು. ಒಂದು ಮಗ್ಗುಲಿಗೆ ಒಂದು ಮುಳ್ಳು ಬದಲಿಸಬೇಕು. ಬದಲಿಸದಿದ್ದರೆ ಮುಳ್ಳೇ ಪ್ಲೇಟನ್ನು ಉಳುತ್ತದೆ. ಹೀಗಾಗಿ ಓಡುವ ಹಾಡನ್ನು ಎರಡು ಪ್ಲೇಟು ಇಟ್ಟುಕೊಂಡವನೇ ಜಾಣ. ಲಾರಿಗೆ ಸ್ಟೆಪ್ನಿ ಇದ್ದಂತೆ. ಅಲ್ಲಿ ಡಬಲ್ ಅನ್ನುವುದು ಬಂಡವಾಳ, ತಪ್ಪಲ್ಲ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಊರೂರಿಗೆ ನುಗ್ಗಿದ ಮೇಲೆ ಆ ಬಂಡವಾಳವೆಲ್ಲ ಕಿಲೋ ಲೆಕ್ಕಕ್ಕೆ ಬಂತು. ಒಂದು 78ರ ಪ್ಲೇಟು ಸುಮಾರು ಇನ್ನೂರು ಗ್ರಾಂ. ನೂರು ಪ್ಲೇಟೆಂದರೆ ಇಪ್ಪತ್ತು ಕಿಲೋ ಆಸುಪಾಸು. ಮನೆ ಕಟ್ಟಿಸುವವನು, ಅಂಗಡಿ ಖಾಲಿ ಮಾಡುವವನು ಅದನ್ನು ಎಷ್ಟು ದಿನ ಹೊತ್ತಾನು?

ಈಗ ಡಬಲ್ ಹೌದೋ ಅಲ್ಲವೋ ಅಂತ ಗುರುತಿಸುವ ಬಗೆ. ಹಾಡು ಮುಗಿದ ಮೇಲೆ ಲೇಬಲ್ಲಿನ ಸುತ್ತ ನುಣುಪಾದ ಜಾಗ ಇರುತ್ತದಲ್ಲ, ಅಲ್ಲಿ ಬೆಳಕಿಗೆ ಓರೆ ಹಿಡಿದು ನೋಡಿ. ಸಣ್ಣಗೆ ಅಂಕಿ ಒತ್ತಿರುತ್ತಾರೆ, ಇಲ್ಲವೆ ಕೆತ್ತಿರುತ್ತಾರೆ. ಅಚ್ಚಿನ ನಂಬರು ಅದು. ಲೇಬಲ್ಲು ಹರಿಯಬಹುದು, ಕವರು ಬದಲಾಗಬಹುದು, ಅಚ್ಚಿನ ನಂಬರು ಸುಳ್ಳು ಹೇಳುವುದು ಅಪರೂಪ. ಇದರಲ್ಲೂ ಒಂದು ಸೂಕ್ಷ್ಮ ಉಂಟು. ಆಗಿನ ಕಾಲದಲ್ಲಿ ಒಂದು ಹಾಡನ್ನು ಎರಡು ಮೂರು ಸಲ ಹಾಡಿಸಿ ಹಿಡಿದಿಡುತ್ತಿದ್ದರು. ಲೇಬಲ್ಲಿನ ನಂಬರು ಒಂದೇ ಇದ್ದರೂ ಒಳಗಿನ ಹಾಡು ಬೇರೆ ಸಲದ್ದಾಗಿರಬಹುದು. ಅಂಥದ್ದು ಸಿಕ್ಕಿದರೆ ಯಜಮಾನರ "ಅದು ಬೇರೆ, ಇದು ಬೇರೆ" ಅನ್ನುವ ಮಾತು ಅಕ್ಷರಶಃ ನಿಜ. ಮನೆಯವರು ನಂಬುವುದು ಮಾತ್ರ ಕಷ್ಟ.

ಗುರುತಿನ ಈ ಪೇಚಾಟ ಹೊಸದೇನಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ ಪ್ಲೇಟು ಅಚ್ಚಾಗಬೇಕಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾರ ಹಾಡು ಯಾವುದೆಂದು ತಿಳಿಯಲೆಂದು ಹಾಡಿನ ಕೊನೆಗೆ ಆಕೆಯೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ನಮ್ಮಲ್ಲೇ ಪ್ಲೇಟು ಅಚ್ಚಾಗತೊಡಗಿದ್ದು 1908ರಿಂದ, ಕಲ್ಕತ್ತೆಯ ಸಿಯಾಲ್ಡಾದಲ್ಲಿ. ಆಮೇಲೆ ಡಮ್‌ಡಮ್ ಕಾರ್ಖಾನೆ ಬಂತು. ಆ ಕಂಪನಿಗೆ 2000ದಲ್ಲಿ ಸಾರೇಗಾಮ ಅಂತ ಹೆಸರಾಯಿತು. ಹಳೇ ಹಾಡು ಹೊಸ ಹೆಸರಿನ ಹೊದಿಕೆಯಲ್ಲಿ ಮತ್ತೆ ಬಂದಾಗ, ಮತ್ತೆ ಅದೇ ಗಲಿಬಿಲಿ.

ಹಾಗಂತ ಎರಡನೇ ಪ್ಲೇಟನ್ನು ತಿಪ್ಪೆಗೆ ಎಸೆಯಬೇಡಿ ಸ್ವಾಮಿ. ನಮ್ಮ ಸೀಮೆ ಯಾವುದು ನೋಡಿಕೊಳ್ಳಿ. ಸಂಡೂರು ಗುಡ್ಡದ ಅದಿರು ಲಾರಿಗಳ ಕೆಂಪು ಧೂಳು ಕಪಾಟಿನ ಬಾಗಿಲು ಹಾಕಿದರೂ ಒಳಗೆ ಹೋಗುತ್ತದೆ. ಆ ಧೂಳಿನ ಮೇಲೆ ಮುಳ್ಳು ಓಡಿದರೆ ಪ್ಲೇಟು ಕೆಟ್ಟಿತು ಅಂತಲೇ ಲೆಕ್ಕ. ಅರಗಿನ ಪ್ಲೇಟು ಕೈಜಾರಿದರೆ ಹಂಚಿನಂತೆ ಚೂರು. ಎರಡರಲ್ಲಿ ಒಂದರ ಮೊದಲ ಮಗ್ಗುಲು ಚೆನ್ನಾಗಿದ್ದು, ಇನ್ನೊಂದರ ಎರಡನೇ ಮಗ್ಗುಲು ಚೆನ್ನಾಗಿದ್ದರೆ ಎರಡೂ ಸೇರಿ ಒಂದು ಪೂರ್ತಿ ಪ್ಲೇಟು. ನಾಟಕ ಕಂಪನಿಗಳ ಕಾಲದ ಕೆಲವು ಹಾಡುಗಳು ಇವತ್ತು ಉಳಿದಿದ್ದರೆ ಯಾರದೋ ಮನೆಯ ಇಂಥ ಒಂದೆರಡು ಪ್ಲೇಟುಗಳಿಂದಲೇ. ಮುಂಬೈಯಲ್ಲಿ 1990ರಲ್ಲಿ ಹಳೇ ಪ್ಲೇಟು ಕೂಡಿಸುವವರು ಸೇರಿ ಒಂದು ಸಂಘವನ್ನೇ ಕಟ್ಟಿದರು. ಅಂಥವರ ನಡುವೆ ಡಬಲ್ ಪ್ಲೇಟೇ ನಾಣ್ಯ. ನನ್ನಲ್ಲಿ ಎರಡಿದೆ, ನಿನ್ನಲ್ಲಿ ಇಲ್ಲದ್ದು ತಗೋ, ನನ್ನಲ್ಲಿ ಇಲ್ಲದ್ದು ಕೊಡು. ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ನಾಲ್ಕು ಮಂದಿ ಒಂದು ಭಾನುವಾರ ಚಹಾದಂಗಡಿಯಲ್ಲಿ ಕೂತರೂ ಸಾಕು, ಅರ್ಧ ಜಗಳ ತೀರುತ್ತದೆ.

ಉಳಿದರ್ಧಕ್ಕೆ ಮೊಬೈಲು ಇದೆ. ಪ್ರತಿ ಪ್ಲೇಟಿನ ಎರಡೂ ಲೇಬಲ್ಲುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಗುಜರಿಯವನ ಮುಂದೆ ನಿಂತು ಬೆರಳಾಡಿಸಿ ನೋಡಿದರೆ ಆಯಿತು. ಫೋಟೊ ಒಲ್ಲದವರು ಮೈಕ್‌ಸೆಟ್ಟಿನವರ ಹಳೇ ಪದ್ಧತಿ ಹಿಡಿಯಿರಿ. ಕವರಿನ ಮೂಲೆಗೆ ಒಂದು ಕ್ರಮಸಂಖ್ಯೆ, ಅಂಗಿ ಜೇಬಿನ ಪುಸ್ತಕದಲ್ಲಿ ಅದೇ ಸಂಖ್ಯೆ, ಅದರ ಮುಂದೆ ಕಂಪನಿಯ ನಂಬರು. ಹಾಡಿನ ಹೆಸರನ್ನಾಗಲಿ ಹೀರೋ ಹೆಸರನ್ನಾಗಲಿ ನೆಚ್ಚಬೇಡಿ.

ಬಸ್ಸಿನವರಿಗೆ ಒಂದು ಮಾತು. ಪ್ಲೇಟಿನ ಕಟ್ಟನ್ನು ಸೀಟಿನ ಮೇಲೆ ಮಲಗಿಸಿದರೆ ಯಾರೋ ಒಬ್ಬರು ಕೂತೇ ಕೂರುತ್ತಾರೆ. ಕಿಟಕಿ ಬಿಸಿಲಿಗೆ ಇಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎರಡು ರಟ್ಟಿನ ನಡುವೆ ಕಟ್ಟಿ, ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದುಕೊಳ್ಳಿ. ಗಾದಿಗನೂರಿನಲ್ಲಿ ಇಳಿಯುವಾಗ ಕಂಡಕ್ಟರು ಅವಸರ ಮಾಡಿದರೂ ಎರಡು ಕೈಯಲ್ಲೂ ಹಿಡಿದೇ ಇಳಿಯಿರಿ. ಒಳಗಿರುವುದು ಮನೆಯಲ್ಲಿ ಆಗಲೇ ಇರುವ ಪ್ಲೇಟಾಗಿದ್ದರೂ ಸರಿ.