ತೂಬು ಮುಚ್ಚಿದ ತೊಟ್ಟಿ: ಒಂದು ಅಭ್ಯಾಸ ಪಾಠದ ಅನುಭವ

ಒಂಬತ್ತನೆಯ ತರಗತಿಗೆ ಜೀವಕೋಶದ ಪಾಠ ಮಾಡುವಾಗ, ‘ಕೋಶಗಳು ಮಿತಿಮೀರಿ ವಿಭಜನೆ ಹೊಂದುವುದೇ ಕ್ಯಾನ್ಸರ್’ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದೆ. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಮಿಸ್, ಹಳೇ ಕೋಶಗಳು ಸಾಯ್ತವೆ ಅಂದ್ರಿ. ಕ್ಯಾನ್ಸರ್ ಕೋಶ ಯಾಕೆ ಸಾಯಲ್ಲ? ನಮ್ಮಜ್ಜಿಗೆ ಅದೇ ಆಗಿದೆ.” ನನ್ನ ಪಾಠ ಯೋಜನೆಯಲ್ಲಿ ಉತ್ತರವಿರಲಿಲ್ಲ. “ನಾಳೆ ಹೇಳುತ್ತೇನೆ” ಎಂದೆ.

ಮರುದಿನ ಗೊದಮೊಟ್ಟೆಯಿಂದ ಆರಂಭಿಸಿದೆ. ಅದು ಕಪ್ಪೆಯಾಗುವಾಗ ಬಾಲದ ಕೋಶಗಳು ಯೋಜಿತವಾಗಿ ಸಾಯುತ್ತವೆ. ಇಂಥ ಸಾವಿಗೆ 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ವಿಜ್ಞಾನಿಗಳು ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದು ಎಲೆ ಉದುರುವುದನ್ನು ಸೂಚಿಸುತ್ತದೆ.

ನಂತರ ಕಪ್ಪುಹಲಗೆಯ ಮೇಲೆ ನೀರಿನ ತೊಟ್ಟಿ ಬರೆದೆ. ನಲ್ಲಿ ಎಂದರೆ ಕೋಶ ವಿಭಜನೆ, ತೂಬು ಎಂದರೆ ಕೋಶದ ಸಾವು. “ತೊಟ್ಟಿ ಯಾವಾಗ ತುಂಬಿ ಹರಿಯುತ್ತದೆ?” ಎಂದೆ. “ನಲ್ಲಿ ಜೋರಾದ್ರೆ”, “ತೂಬು ಮುಚ್ಚಿದ್ರೆ” ಎಂಬ ಎರಡು ಉತ್ತರಗಳೂ ಮಕ್ಕಳಿಂದಲೇ ಬಂದವು.

ಕೋಶಕ್ಕೆ ಸರಿಪಡಿಸಲಾಗದ ಹಾನಿಯಾದಾಗ ಬ್ಯಾಕ್ಸ್, ಬ್ಯಾಕ್ ಎಂಬ ಪ್ರೋಟೀನುಗಳು ಮೈಟೋಕಾಂಡ್ರಿಯದ ಹೊರಪೊರೆಯಲ್ಲಿ ರಂಧ್ರ ಮಾಡುತ್ತವೆ. ಸೈಟೋಕ್ರೋಮ್-ಸಿ ಹೊರಬಂದು, ಕ್ಯಾಸ್ಪೇಸ್ ಕಿಣ್ವಗಳು ಕೋಶವನ್ನು ಒಳಗಿನಿಂದಲೇ ಕಳಚುತ್ತವೆ. ಬಿಸಿಎಲ್-2 ಎಂಬ ಪ್ರೋಟೀನು ಇದನ್ನು ತಡೆಯುತ್ತದೆ. ಅದೇ ತೂಬಿನ ಬಿರಡೆ. ಅದು ವಿಭಜನೆಯನ್ನು ಹೆಚ್ಚಿಸದೆ ಸಾವನ್ನು ತಡೆಯುತ್ತದೆಂದು 1988ರಲ್ಲಿ ಮೆಲ್ಬರ್ನ್‌ನ ಡೇವಿಡ್ ವಾಕ್ಸ್, ಸುಜಾನ್ ಕೋರಿ, ಜೆರ್ರಿ ಆಡಮ್ಸ್ ತೋರಿಸಿದರು. ನನ್ನ ಒಂದು ವಾಕ್ಯದ ವ್ಯಾಖ್ಯೆ ಅರ್ಧ ಸತ್ಯವೆಂದು ನನಗೆ ತಿಳಿದದ್ದು ಇಲ್ಲಿ.

ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರಿನಲ್ಲಿ ಬಿಸಿಎಲ್-2 ಹೆಚ್ಚಾಗಿರುತ್ತದೆ. 2016ರಲ್ಲಿ ಅಮೆರಿಕದಲ್ಲಿ ಮಂಜೂರಾದ ವೆನೆಟೋಕ್ಲಾಕ್ಸ್ ಮಾತ್ರೆ ಬಿಸಿಎಲ್-2ಕ್ಕೆ ಅಂಟಿಕೊಂಡು ಬಿರಡೆ ಸಡಿಲಿಸುತ್ತದೆ. ತೂಬನ್ನು ಒಮ್ಮೆಲೇ ತೆರೆದರೆ ಅಂಗಳ ಕೆಸರಾಗುವಂತೆ, ಅಪಾರ ಕೋಶಗಳು ಒಟ್ಟಿಗೆ ಸತ್ತರೆ ಅವುಗಳೊಳಗಿನ ವಸ್ತುಗಳು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಅಪಾಯ. ಆದ್ದರಿಂದ ಈ ರೋಗದಲ್ಲಿ ದಿನಕ್ಕೆ 20 ಮಿ.ಗ್ರಾಂನಿಂದ ಆರಂಭಿಸಿ, ವಾರವಾರವೂ ಹೆಚ್ಚಿಸುತ್ತ ಐದನೆಯ ವಾರಕ್ಕೆ 400 ಮಿ.ಗ್ರಾಂ ತಲುಪಿಸುತ್ತಾರೆ.

“ನಮ್ಮಜ್ಜಿಗೂ ಈ ಮಾತ್ರೆ ಕೊಡಬಹುದಾ ಮಿಸ್?” ಎಂದಳು ಅದೇ ಹುಡುಗಿ. ಇದು ಕೆಲವು ರಕ್ತದ ಕ್ಯಾನ್ಸರುಗಳಿಗಷ್ಟೇ. ಅಜ್ಜಿಗೆ ಯಾವುದು ಸರಿಯೆಂದು ಅವರ ವೈದ್ಯರೇ ಹೇಳಬೇಕು ಎಂದೆ. ಸುಳ್ಳು ಭರವಸೆ ಕೊಡಲಿಲ್ಲ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಈ ಹೋಲಿಕೆಗೆ ಮಿತಿಯಿದೆ: ತೊಟ್ಟಿಗೆ ಒಂದೇ ತೂಬು, ಆದರೆ ಬಿರಡೆ ಪ್ರತಿ ಕೋಶದೊಳಗೂ ಇದೆ, ಇದನ್ನು ಮಕ್ಕಳಿಗೆ ಹೇಳಲೇಬೇಕು. ಮತ್ತೆ, ಕ್ಯಾನ್ಸರ್ ಎಂಬ ಪದ ಬರೆಯುವ ಮೊದಲು, ತರಗತಿಯಲ್ಲಿ ಯಾರದೋ ಮನೆಯಲ್ಲಿ ಆ ರೋಗವಿರಬಹುದು ಎಂಬುದು ನೆನಪಿರಲಿ.